ಧ್ವನಿಮುದ್ರಿಕೆಯಲ್ಲಿ ಉಳಿದವರು, ಉಳಿಯದವರು

ಅಮೆರಿಕದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, 1924ರಲ್ಲಿ ಪ್ರಕಟವಾದ ಧ್ವನಿಮುದ್ರಿಕೆಗಳು 2025ರ ಜನವರಿ 1ರಂದು ಆ ದೇಶದಲ್ಲಿ ಸಾರ್ವಜನಿಕ ಸ್ವತ್ತಾದವು. ಅವುಗಳ ನಡುವೆ ಹನ್ನೆರಡು ಅಂಗುಲದ ಒಂದು ಗ್ರಾಮಫೋನ್ ತಟ್ಟೆಯೂ ಇದೆ. 1924ರ ಜೂನ್ 10ರಂದು ವಿಕ್ಟರ್ ಕಂಪನಿಗಾಗಿ ಪಾಲ್ ವೈಟ್‌ಮನ್‌ನ ವಾದ್ಯವೃಂದ ನುಡಿಸಿದ, ಸಂಯೋಜಕ ಜಾರ್ಜ್ ಗರ್ಷ್ವಿನ್ ತಾನೇ ಪಿಯಾನೊ ಮುಂದೆ ಕುಳಿತು ನುಡಿಸಿದ ‘ರಾಪ್ಸೊಡಿ ಇನ್ ಬ್ಲೂ’ ಅದು. ಶತಮಾನ ಕಳೆದ ಆ ತಟ್ಟೆಯನ್ನು ಇಂದು ಕೇಳಿದವರಿಗೆ ಮೊದಲು ಆಗುವುದು ಬೆರಗು. ತಮಗೆ ಗೊತ್ತಿರುವ ಕೃತಿ ಇದೇ ಹೌದೇ ಎಂಬ ಅನುಮಾನವೂ ಅದರ ಹಿಂದೆಯೇ ಬರುತ್ತದೆ.

ನಮಗೆ ಪರಿಚಿತವಾದ ‘ರಾಪ್ಸೊಡಿ’ ಭವ್ಯವಾದದ್ದು. ವುಡಿ ಅಲೆನ್‌ನ ‘ಮ್ಯಾನ್‌ಹಟನ್’ (1979) ಚಿತ್ರದ ಆರಂಭದಲ್ಲಿ ನ್ಯೂಯಾರ್ಕಿನ ಗಗನಚುಂಬಿಗಳ ಹಿಂದೆ ಕೇಳಿಬಂದದ್ದು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ 84 ಪಿಯಾನೊಗಳ ಮೇಲೆ ಮೊಳಗಿದ್ದು, ವಿಮಾನಯಾನ ಕಂಪನಿಯೊಂದರ ಜಾಹೀರಾತಿನಲ್ಲಿ ದಶಕಗಳ ಕಾಲ ಹರಿದದ್ದು, ಎಲ್ಲವೂ ಆ ಭವ್ಯ ರೂಪವೇ. 1924ರ ತಟ್ಟೆಯಲ್ಲಿ ಆ ಗಾಂಭೀರ್ಯದ ಸುಳಿವೇ ಇಲ್ಲ. ಅಲ್ಲಿ ಬ್ಯಾಂಜೊ ಟಣಗುಟ್ಟುತ್ತದೆ, ಕ್ಲಾರಿನೆಟ್ ಕಿಸಕ್ಕನೆ ನಗುತ್ತದೆ, ಪಿಯಾನೊ ರೈಲು ತಪ್ಪಿಹೋಗುವ ಆತಂಕದಲ್ಲಿರುವವರಂತೆ ಓಡುತ್ತದೆ. ಒಂಬತ್ತು ನಿಮಿಷಕ್ಕೆ ಎಲ್ಲವೂ ಮುಗಿಯುತ್ತದೆ.

ಹಾಗಾದರೆ ನಿಜವಾದ ‘ರಾಪ್ಸೊಡಿ’ ಯಾವುದು? ಈ ಪ್ರಶ್ನೆ ಕೇವಲ ರಸಿಕರ ಕಾಲಕ್ಷೇಪದ್ದಲ್ಲ. ಜಾಸ್‌ನ ಪ್ರಭಾವದಿಂದ ಹುಟ್ಟಿದ ಅಮೆರಿಕದ ವಾದ್ಯವೃಂದ ಸಂಗೀತ ಮತ್ತು ಪಿಯಾನೊ ಸಂಗೀತದ ಚರಿತ್ರೆಯನ್ನು ಸ್ವರಲಿಪಿಗಿಂತ ಹೆಚ್ಚಾಗಿ ಬರೆದದ್ದು ಧ್ವನಿಮುದ್ರಿಕೆ. ಯಾರ ಕೃತಿ ಮುದ್ರಣಗೊಂಡಿತೋ ಅದು ಮತ್ತೆ ಮತ್ತೆ ಕೇಳಿಸಿತು. ಮತ್ತೆ ಮತ್ತೆ ಕೇಳಿಸಿದ್ದು ಅಭಿಜಾತವೆನಿಸಿತು. ಆ ಅವಕಾಶ ಸಿಗದ ಕೃತಿಗಳು, ಅವುಗಳ ಯೋಗ್ಯತೆ ಏನೇ ಇರಲಿ, ಚರಿತ್ರೆಯ ಅಡಿಟಿಪ್ಪಣಿಗೆ ಸರಿದವು.

ಬರೆಯದ ಪುಟ, ತಲೆದೂಗುವ ಸಂಜ್ಞೆ

‘ರಾಪ್ಸೊಡಿ’ ಹುಟ್ಟಿದ್ದೇ ತರಾತುರಿಯಲ್ಲಿ. ಜಾಸ್ ನೃತ್ಯಶಾಲೆಗಳ ಗದ್ದಲವಷ್ಟೇ ಅಲ್ಲ, ಗೌರವಸ್ಥರ ಸಭಾಂಗಣಕ್ಕೂ ತಕ್ಕುದು ಎಂದು ತೋರಿಸಲು ವೈಟ್‌ಮನ್ ಒಂದು ಕಛೇರಿಯನ್ನು ಯೋಜಿಸಿದ್ದ. ಅದಕ್ಕಾಗಿ ಗರ್ಷ್ವಿನ್ ಜಾಸ್ ಕಾನ್ಸರ್ಟೊ ಒಂದನ್ನು ಬರೆಯುತ್ತಿದ್ದಾನೆ ಎಂಬ ಸುದ್ದಿ 1924ರ ಜನವರಿಯ ಮೊದಲ ವಾರ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಬಂತು. ಗರ್ಷ್ವಿನ್‌ಗೆ ಅದು ತಿಳಿದದ್ದು ಅಣ್ಣ ಐರಾ ಪತ್ರಿಕೆ ಓದಿ ಹೇಳಿದಾಗ! ಉಳಿದದ್ದು ಸುಮಾರು ಐದು ವಾರ. ಬಾಸ್ಟನ್‌ಗೆ ಹೋಗುವ ರೈಲಿನ ಗಡಗಡ ಸದ್ದಿನಲ್ಲಿ ಕೃತಿಯ ಒಟ್ಟು ರೂಪ ತನಗೆ ಗೋಚರಿಸಿತೆಂದು ಆತ ಮುಂದೆ ಹೇಳಿಕೊಂಡ. ವಾದ್ಯಗಳಿಗೆ ಅದನ್ನು ಹಂಚಿ ಬರೆದವನು ವೈಟ್‌ಮನ್‌ನ ಬಳಿ ಕೆಲಸಕ್ಕಿದ್ದ ಫರ್ಡಿ ಗ್ರೋಫೆ.

ಫೆಬ್ರುವರಿ 12ರ ಮಧ್ಯಾಹ್ನ ನ್ಯೂಯಾರ್ಕಿನ ಏಯೋಲಿಯನ್ ಸಭಾಂಗಣದಲ್ಲಿ ಕೃತಿ ಮೊದಲ ಬಾರಿಗೆ ನುಡಿದಾಗ ಗರ್ಷ್ವಿನ್‌ಗೆ 25 ವರ್ಷ. ಪಿಯಾನೊ ಭಾಗದ ಕೆಲವು ಪುಟಗಳು ಆಗಲೂ ಖಾಲಿಯಿದ್ದವು. ಅವು ಅವನ ತಲೆಯಲ್ಲಿ ಮಾತ್ರ ಇದ್ದವು. ಆತ ತಲೆದೂಗಿ ಸಂಜ್ಞೆ ಮಾಡುವವರೆಗೆ ವಾದ್ಯವೃಂದ ಕಾಯಬೇಕು ಎಂದು ಗ್ರೋಫೆಯ ಪ್ರತಿಯಲ್ಲಿ ಸೂಚನೆಯಿತ್ತು. ಆರಂಭದ ಆ ಪ್ರಸಿದ್ಧ ಕ್ಲಾರಿನೆಟ್ ನಾದವನ್ನೂ ಗರ್ಷ್ವಿನ್ ಹಾಗೆ ಬರೆದಿರಲಿಲ್ಲ. ಅವನು ಬರೆದದ್ದು ಹದಿನೇಳು ಸ್ವರಗಳ ಬಿಡಿಬಿಡಿಯಾದ ಆರೋಹಣ. ಅಭ್ಯಾಸದ ವೇಳೆ ಕ್ಲಾರಿನೆಟ್ ವಾದಕ ರಾಸ್ ಗೋರ್ಮನ್ ತಮಾಷೆಗೆಂದು ಅದನ್ನು ಒಂದೇ ಜಾರಿನಲ್ಲಿ ಮೇಲಕ್ಕೆಳೆದ. ಗರ್ಷ್ವಿನ್‌ಗೆ ಅದು ಹಿಡಿಸಿತು, ಹಾಗೆಯೇ ಉಳಿಯಿತು.

ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಕಲ್ಪಿತವೂ ಇದೆ, ಮನೋಧರ್ಮವೂ ಇದೆ. ಗಮಕವನ್ನು ಲಿಪಿಯಲ್ಲಿ ಪೂರ್ತಿಯಾಗಿ ಹಿಡಿಯಲಾಗದು ಎಂಬುದು ನಮ್ಮ ಕೇಳುಗರಿಗೆ ಹೊಸ ವಿಷಯವಲ್ಲ. ಬ್ಲೂಸ್ ಗಾಯನದಲ್ಲಿ ಗಾಂಧಾರ, ನಿಷಾದಗಳು ತಮ್ಮ ಸ್ಥಾನದಿಂದ ತುಸು ಕೆಳಕ್ಕೆ ಬಾಗುತ್ತವೆ. ಆ ಬಾಗು ಪಿಯಾನೊದ ಕಪ್ಪು ಬಿಳಿ ಮನೆಗಳ ನಡುವೆ ಎಲ್ಲೋ ಇರುತ್ತದೆ. ಜಾಸ್‌ನ ಲಯವೂ ಅಷ್ಟೇ. ಕಾಗದದ ಮೇಲೆ ಸಮನಾಗಿ ಕಾಣುವ ಎರಡು ಸ್ವರಗಳು ನುಡಿಸುವಾಗ ಸಮನಾಗಿರುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಬರೆದ ಕೃತಿಯೇ ಪ್ರಮಾಣ, ಧ್ವನಿಮುದ್ರಿಕೆ ಅದರ ಒಂದು ವ್ಯಾಖ್ಯಾನ. ಜಾಸ್‌ನ ಸ್ಪರ್ಶವಿರುವ ಸಂಗೀತದಲ್ಲಿ ಈ ಕ್ರಮ ಅಲುಗಾಡುತ್ತದೆ. ಬರೆಯದೆ ಬಿಟ್ಟದ್ದು ಉಳಿದಿರುವುದು ಧ್ವನಿಮುದ್ರಿಕೆಯಲ್ಲಿ ಮಾತ್ರ.

ಆದರೆ ಧ್ವನಿಮುದ್ರಿಕೆಯೂ ನಿರ್ಲಿಪ್ತ ಸಾಕ್ಷಿಯಲ್ಲ. 1924ರಲ್ಲಿ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ; ವಾದಕರು ಒಂದು ದೊಡ್ಡ ಕಹಳೆಯ ಮುಂದೆ ಒತ್ತೊತ್ತಾಗಿ ಕುಳಿತು ನುಡಿಸಬೇಕಿತ್ತು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೂವರೆ ನಿಮಿಷದಷ್ಟು. ಹದಿನಾರು ನಿಮಿಷಕ್ಕೂ ಮೀರಿದ ಕೃತಿಯನ್ನು ಎರಡು ಮಗ್ಗುಲಿಗೆ ಹೊಂದಿಸಲು ಹಲವೆಡೆ ಕತ್ತರಿಸಲಾಯಿತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ, 1927ರ ಏಪ್ರಿಲ್‌ನಲ್ಲಿ ಅದೇ ಕೃತಿಯನ್ನು ಮತ್ತೆ ಮುದ್ರಿಸಿದರು. ಗರ್ಷ್ವಿನ್ ಮತ್ತು ವೈಟ್‌ಮನ್ ನಡುವೆ ಮನಸ್ತಾಪವಾಗಿ ಅಂದು ನಿಜವಾಗಿ ನಿರ್ದೇಶಿಸಿದವನು ನ್ಯಾಥನಿಯಲ್ ಶಿಲ್ಕ್ರೆಟ್. ತಟ್ಟೆಯ ಮೇಲೆ ಅಚ್ಚಾದದ್ದು ಮಾತ್ರ ವೈಟ್‌ಮನ್‌ನ ಹೆಸರು.

ಒಂದೇ ಕೃತಿಯ ಹಲವು ಅವತಾರ

ಗರ್ಷ್ವಿನ್ 1937ರಲ್ಲಿ ಮೆದುಳಿನ ಗೆಡ್ಡೆಯಿಂದ 38ನೆಯ ವಯಸ್ಸಿಗೇ ತೀರಿಕೊಂಡ. 1942ರಲ್ಲಿ ಗ್ರೋಫೆ ಪೂರ್ಣ ಸಿಂಫನಿ ವಾದ್ಯವೃಂದಕ್ಕೆ ಹೊಂದಿಸಿದ ಪಾಠ ಪ್ರಕಟವಾಯಿತು. ಮುಂದಿನ ಮೂರು ದಶಕ ಜಗತ್ತು ಕೇಳಿದ್ದು ಬಹುಮಟ್ಟಿಗೆ ಇದನ್ನೇ. ಗರ್ಷ್ವಿನ್‌ನ ಗೆಳೆಯ ಆಸ್ಕರ್ ಲೆವಂಟ್ 1945ರಲ್ಲಿ ಫಿಲಡೆಲ್ಫಿಯಾ ವಾದ್ಯವೃಂದದೊಡನೆ ಮುದ್ರಿಸಿದ. 1959ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಪಿಯಾನೊ ನುಡಿಸುತ್ತಲೇ ಕೊಲಂಬಿಯಾ ಸಿಂಫನಿಯನ್ನು ನಿರ್ದೇಶಿಸಿದ. ಎಲ್‌ಪಿ ತಟ್ಟೆ 1948ರಲ್ಲೇ ಬಂದಿದ್ದರಿಂದ ಅವಸರಕ್ಕೆ ಕಾರಣವಿರಲಿಲ್ಲ. ಬರ್ನ್‌ಸ್ಟೈನ್‌ನ ಕೈಯಲ್ಲಿ ನಿಧಾನ ಭಾಗ ವಿರಹಗೀತೆಯಂತೆ ಹಿಗ್ಗಿತು, ಪಿಯಾನೊದ ಏಕಾಂತ ಸಂಚಾರಗಳು ತಾವೇ ತಮ್ಮೊಡನೆ ಮಾತಾಡಿಕೊಂಡವು. ಒಂದು ಇಡೀ ಪೀಳಿಗೆಗೆ ‘ರಾಪ್ಸೊಡಿ’ ಎಂದರೆ ಈ ಎಲ್‌ಪಿಯೇ ಆಯಿತು.

1976ರಲ್ಲಿ ಮೈಕೆಲ್ ಟಿಲ್ಸನ್ ಥಾಮಸ್ ಇದಕ್ಕೆ ಸವಾಲು ಹಾಕಿದ. ಸಿಂಫನಿ ಪಾಠವನ್ನು ಬದಿಗಿಟ್ಟು 1924ರ ಜಾಸ್ ಬ್ಯಾಂಡಿನ ಪಾಠವನ್ನು ಎತ್ತಿಕೊಂಡ. ಪಿಯಾನೊ ವಾದಕನಾಗಿ ಆರಿಸಿದ್ದು ಸಾಕ್ಷಾತ್ ಗರ್ಷ್ವಿನ್‌ನನ್ನೇ! ಅಂದಿನ ದಿನಗಳಲ್ಲಿ ತಾನಾಗಿ ನುಡಿಯುವ ಪಿಯಾನೊಗಳಿದ್ದವು. ಕಲಾವಿದ ನುಡಿಸಿದ್ದನ್ನು ಕಾಗದದ ಸುರುಳಿಯ ಮೇಲೆ ರಂಧ್ರಗಳಾಗಿ ಕೊರೆದಿಡುತ್ತಿದ್ದರು; ಸುರುಳಿ ತಿರುಗಿದಂತೆ ಪಿಯಾನೊದ ಮನೆಗಳು ತಾವೇ ಒತ್ತಿಕೊಳ್ಳುತ್ತಿದ್ದವು. ಪಿಯಾನೊ ರೋಲ್ ಎಂದು ಅದರ ಹೆಸರು. ಗರ್ಷ್ವಿನ್ 1925ರಲ್ಲಿ ಮಾಡಿದ್ದ ‘ರಾಪ್ಸೊಡಿ’ಯ ರೋಲ್‌ನಲ್ಲಿ ವಾದ್ಯವೃಂದದ ಭಾಗವೂ ಸೇರಿತ್ತು. ಆ ಭಾಗದ ರಂಧ್ರಗಳನ್ನು ಮುಚ್ಚಿ, ಪಿಯಾನೊ ಭಾಗವನ್ನಷ್ಟೇ ನುಡಿಸಿ, ಅದರ ಸುತ್ತ ಕೊಲಂಬಿಯಾ ಜಾಸ್ ಬ್ಯಾಂಡ್ ನುಡಿಯಿತು. ಸತ್ತು 39 ವರ್ಷವಾಗಿದ್ದ ಸಂಯೋಜಕನ ಬೆನ್ನು ಹಿಡಿದು ಜೀವಂತ ವಾದಕರು ಓಡಬೇಕಾಯಿತು. ಯಂತ್ರ ಯಾರಿಗೂ ಕಾಯುವುದಿಲ್ಲವಲ್ಲ.

ಇದು ಅಸಲಿಯೋ ಎಂಬ ವಾದ ಇಂದಿಗೂ ಮುಗಿದಿಲ್ಲ. ರೋಲ್‌ನ ವೇಗವನ್ನು ಬದಲಿಸಬಹುದು, ರಂಧ್ರಗಳನ್ನು ತಿದ್ದಬಹುದು. ಅದರಲ್ಲಿ ಬೆರಳಿದೆ, ಉಸಿರಿಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಆ ಮುದ್ರಣ ಒಂದು ಉಪಕಾರ ಮಾಡಿತು. ಭವ್ಯವೆಂದು ಎಲ್ಲರೂ ನಂಬಿದ್ದ ಕೃತಿ ಮೂಲತಃ ತುಂಟತನದ್ದು, ನೃತ್ಯಶಾಲೆಯ ಬೆವರಿನ ವಾಸನೆಯುಳ್ಳದ್ದು ಎಂಬುದನ್ನು ಅದು ನೆನಪಿಸಿತು.

ಸ್ವರಲಿಪಿಯನ್ನು ತಿದ್ದಿದ ತಟ್ಟೆ

ಹಳೆಯ ತಟ್ಟೆಯೊಂದು ಮುದ್ರಿತ ಸ್ವರಲಿಪಿಯನ್ನೇ ಪ್ರಶ್ನಿಸಿದ ಪ್ರಸಂಗವೂ ಇದೆ. ಗರ್ಷ್ವಿನ್‌ನ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ (1928) ಕೃತಿಯಲ್ಲಿ ನಾಲ್ಕು ಟ್ಯಾಕ್ಸಿ ಹಾರ್ನ್‌ಗಳಿವೆ. ಪ್ಯಾರಿಸ್ಸಿನಿಂದ ಆತ ಅವನ್ನು ಕೊಂಡು ತಂದಿದ್ದ. ಹಸ್ತಪ್ರತಿಯಲ್ಲಿ ಅವುಗಳ ಪಕ್ಕ ವೃತ್ತದೊಳಗೆ ಎ, ಬಿ, ಸಿ, ಡಿ ಎಂದು ಬರೆದಿದ್ದ. ಪಾಶ್ಚಾತ್ಯ ಪದ್ಧತಿಯಲ್ಲಿ ಇವು ಸ್ವರಗಳ ಹೆಸರೂ ಆಗಿರುವುದರಿಂದ ವಾದ್ಯವೃಂದಗಳು ದಶಕಗಳ ಕಾಲ ಆ ನಾಲ್ಕು ಸ್ವರಗಳ ಹಾರ್ನ್‌ಗಳನ್ನೇ ಊದಿದವು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಗರ್ಷ್ವಿನ್ ಕೃತಿಗಳ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸುತ್ತಿದ್ದ ವಿದ್ವಾಂಸರು 2016ರಲ್ಲಿ ಬೇರೆಯದೇ ವಾದ ಮುಂದಿಟ್ಟರು. ಆ ಅಕ್ಷರಗಳು ಸ್ವರಗಳಲ್ಲ, ಒಂದನೆಯದು ಎರಡನೆಯದು ಎನ್ನುವ ಹಾಗೆ ಹಾರ್ನ್‌ಗಳ ಗುರುತು ಮಾತ್ರ ಎಂದರು.

ಇದಕ್ಕೆ ಮುಖ್ಯ ಆಧಾರ 1929ರಲ್ಲಿ ಶಿಲ್ಕ್ರೆಟ್ ನಿರ್ದೇಶಿಸಿದ ವಿಕ್ಟರ್ ಧ್ವನಿಮುದ್ರಿಕೆ. ಆ ಕೊಠಡಿಯಲ್ಲಿ ಗರ್ಷ್ವಿನ್ ಸ್ವತಃ ಇದ್ದ. ಸೆಲೆಸ್ಟಾ ಎಂಬ ಪುಟ್ಟ ವಾದ್ಯವನ್ನು ನುಡಿಸಿದ್ದ. ಅದರಲ್ಲಿ ಕೇಳುವ ಹಾರ್ನ್‌ಗಳ ಸ್ವರಗಳೇ ಬೇರೆ. ಹೆಚ್ಚು ಕರ್ಕಶ, ಹೆಚ್ಚು ಬೀದಿಯ ಸದ್ದು. ಸಂಯೋಜಕನ ಕೈಬರಹವನ್ನು ಹೇಗೆ ಓದಬೇಕು ಎಂದು ಒಂದು ಗೊರಗೊರ ಸದ್ದಿನ ತಟ್ಟೆ ಹೇಳಿಕೊಟ್ಟಿತು. ಧ್ವನಿಮುದ್ರಿಕೆ ಇಲ್ಲದಿದ್ದರೆ ಈ ಪ್ರಶ್ನೆಯನ್ನು ಕೇಳುವುದಕ್ಕೂ ಆಧಾರವಿರುತ್ತಿರಲಿಲ್ಲ. ಹಾಗಿದ್ದ ಮೇಲೆ, ಯಾವ ಸಂಯೋಜಕರಿಗೆ ಅಂಥ ತಟ್ಟೆಯೇ ದಕ್ಕಲಿಲ್ಲವೋ ಅವರ ಪಾಡೇನು?

ಇನ್ನೊಂದು ರಾಪ್ಸೊಡಿ

ಜೇಮ್ಸ್ ಪಿ. ಜಾನ್ಸನ್‌ನ ಹೆಸರನ್ನು ಕೇಳದವರೂ ಅವನ ‘ಚಾರ್ಲ್‌ಸ್ಟನ್’ ನೃತ್ಯದ ಮಟ್ಟನ್ನು ಒಮ್ಮೆಯಾದರೂ ಕೇಳಿರುತ್ತಾರೆ. 1894ರಲ್ಲಿ ಹುಟ್ಟಿದ ಈ ಆಫ್ರಿಕನ್-ಅಮೆರಿಕನ್ ಪಿಯಾನೊ ವಾದಕ ಹಾರ್ಲೆಮ್‌ನ ‘ಸ್ಟ್ರೈಡ್’ ಶೈಲಿಯ ಗುರು. ಎಡಗೈ ಮಂದ್ರದಿಂದ ಮಧ್ಯಕ್ಕೆ ದಾಪುಗಾಲು ಹಾಕುತ್ತಿದ್ದರೆ ಬಲಗೈ ಅದರ ಮೇಲೆ ಚಕಮಕಿಯಾಡುವ ಶೈಲಿ ಅದು. ಅವನ ‘ಕೆರೊಲಿನಾ ಶೌಟ್’ ಅಂದಿನ ವಾದಕರಿಗೆಲ್ಲ ಒರೆಗಲ್ಲು. ತರುಣ ಡ್ಯೂಕ್ ಎಲಿಂಗ್ಟನ್ ಅದನ್ನು ಕಲಿತದ್ದು ಪಿಯಾನೊ ರೋಲ್ ತಿರುಗಿಸಿ. ಗರ್ಷ್ವಿನ್ ಮತ್ತು ಜಾನ್ಸನ್ ಇಬ್ಬರೂ ರೋಲ್‌ಗಳಿಗಾಗಿ ನುಡಿಸುತ್ತಿದ್ದ ದಿನಗಳಿಂದಲೇ ಪರಿಚಿತರು.

‘ರಾಪ್ಸೊಡಿ ಇನ್ ಬ್ಲೂ’ ಬಂದ ಮೂರು ವರ್ಷಕ್ಕೆ ಜಾನ್ಸನ್ ತನ್ನದೇ ರಾಪ್ಸೊಡಿ ಬರೆದ. ಜಾರ್ಜಿಯಾ ರಾಜ್ಯದ ಸವಾನಾ ನಗರದ ಅಂಚಿನಲ್ಲಿದ್ದ ಕಪ್ಪು ಜನರ ಬಡಾವಣೆಯ ಹೆಸರನ್ನೇ ಅದಕ್ಕಿಟ್ಟ: ‘ಯಾಮಕ್ರಾ’. ವಾದ್ಯವೃಂದಕ್ಕೆ ಹೊಂದಿಸಿದವನು ವಿಲಿಯಂ ಗ್ರಾಂಟ್ ಸ್ಟಿಲ್. 1928ರ ಏಪ್ರಿಲ್ 27ರಂದು ಕಾರ್ನೆಗಿ ಸಭಾಂಗಣದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಪಿಯಾನೊ ನುಡಿಸಿದವನು ಜಾನ್ಸನ್‌ನ ಶಿಷ್ಯ ಫ್ಯಾಟ್ಸ್ ವಾಲರ್.

ಗರ್ಷ್ವಿನ್‌ನ ಕೃತಿಗೆ ನಾಲ್ಕು ತಿಂಗಳಲ್ಲಿ ಸಿಕ್ಕ ಭಾಗ್ಯ ‘ಯಾಮಕ್ರಾ’ಗೆ ಸಿಗಲಿಲ್ಲ. ಯಾವ ಧ್ವನಿಮುದ್ರಣ ಕಂಪನಿಯೂ ವಾದ್ಯವೃಂದ ಸಹಿತ ಅದನ್ನು ತಟ್ಟೆಗಿಳಿಸಲು ಮುಂದಾಗಲಿಲ್ಲ. ಜಾನ್ಸನ್ ಧ್ವನಿಮುದ್ರಣಕ್ಕೆ ಅಪರಿಚಿತನೇನಲ್ಲ. 1921ರಷ್ಟು ಹಿಂದೆಯೇ ಅವನ ತಟ್ಟೆಗಳು ಮಾರುಕಟ್ಟೆಯಲ್ಲಿದ್ದವು. ಆದರೆ ಅಂದಿನ ಕಂಪನಿಗಳು ಕಪ್ಪು ಕಲಾವಿದರಿಂದ ಬಯಸಿದ್ದು ಮೂರು ನಿಮಿಷದ ಹಾಡು, ಕುಣಿತ; ಅವನ್ನು ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಮಾರುತ್ತಿದ್ದರು. ಸಿಂಫನಿಯ ಕಪಾಟಿಗೆ ಅವರಿಗೆ ಪ್ರವೇಶವಿರಲಿಲ್ಲ. ಜಾನ್ಸನ್ 1932ರಲ್ಲಿ ‘ಹಾರ್ಲೆಮ್ ಸಿಂಫನಿ’ ಬರೆದ, ಗುಗೆನ್‌ಹೈಮ್ ಫೆಲೋಶಿಪ್‌ಗೆ ಅರ್ಜಿ ಹಾಕಿದ, ತಿರಸ್ಕೃತನಾದ. 1951ರಲ್ಲಿ ಪಾರ್ಶ್ವವಾಯು ಬಡಿಯಿತು, 1955ರಲ್ಲಿ ತೀರಿಕೊಂಡ. ಅವನ ವಾದ್ಯವೃಂದ ಕೃತಿಗಳ ಹಸ್ತಪ್ರತಿಗಳನ್ನು ಹುಡುಕಿ ಹೊಂದಿಸಿ, ನಿರ್ದೇಶಕಿ ಮರಿನ್ ಆಲ್ಸಪ್ ಅವರು ‘ಕನ್ಕಾರ್ಡಿಯಾ’ ವಾದ್ಯವೃಂದದೊಡನೆ ಸಿ.ಡಿ. ಹೊರತಂದದ್ದು 1990ರ ದಶಕದಲ್ಲಿ.

‘ಯಾಮಕ್ರಾ’ ‘ರಾಪ್ಸೊಡಿ’ಯಷ್ಟು ಬಿಗಿಯಾದ ಕೃತಿಯಲ್ಲ, ಮಟ್ಟುಗಳನ್ನು ಹಾರದಂತೆ ಪೋಣಿಸಿದ್ದಷ್ಟೇ ಎಂದು ಹೇಳುವವರಿದ್ದಾರೆ. ಒಪ್ಪೋಣ. ಆದರೆ ಬರ್ನ್‌ಸ್ಟೈನ್ 1955ರ ಒಂದು ಲೇಖನದಲ್ಲಿ ‘ರಾಪ್ಸೊಡಿ ಇನ್ ಬ್ಲೂ’ ಬಗ್ಗೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. ಅದರ ಭಾಗಗಳನ್ನು ಕತ್ತರಿಸಿದರೂ, ಹಿಂದುಮುಂದಾಗಿಸಿದರೂ ಕೃತಿಗೆ ಏನೂ ಆಗದು ಎಂಬುದು ಅವನ ವಾದ. ಹಾಗೆಂದವನೇ ನಾಲ್ಕು ವರ್ಷದ ಬಳಿಕ ಅದನ್ನು ಅಷ್ಟೊಂದು ಪ್ರೀತಿಯಿಂದ ಮುದ್ರಿಸಿದ! ಒಂದು ಕೃತಿಯ ಸಡಿಲತೆ ನೂರು ಸಲ ಕೇಳಿದ ಮೇಲೆ ಮನೋಹರವಾಗಿ ತೋರಿತು. ಇನ್ನೊಂದರ ಸಡಿಲತೆ ಎರಡನೆಯ ಸಲ ಕೇಳುವ ಅವಕಾಶವೇ ಇಲ್ಲದೆ ದೋಷವಾಗಿಯೇ ಉಳಿಯಿತು. ಇವೆರಡರ ನಡುವಿನ ಅಂತರವನ್ನು ಪ್ರತಿಭೆಯೊಂದೇ ನಿರ್ಧರಿಸಿತು ಎನ್ನುವುದು ಹೇಗೆ?

ಹದಿನೆಂಟು ನಿಮಿಷಕ್ಕೆ ಕುಗ್ಗಿದ ಚರಿತ್ರೆ

ಖ್ಯಾತಿಯ ತುದಿಯಲ್ಲಿದ್ದ ಎಲಿಂಗ್ಟನ್‌ನನ್ನೂ ಈ ಗೋಡೆ ತಡೆಯಿತು. ತಟ್ಟೆಯ ಮಿತಿಯೊಡನೆ ಆತ ಬಹುಕಾಲ ಗುದ್ದಾಡಿದ. 1931ರ ‘ಕ್ರಿಯೋಲ್ ರಾಪ್ಸೊಡಿ’ಯನ್ನು ಎರಡು ಮಗ್ಗುಲಿಗೆ ಹರಡಿದ, ತಾಯಿಯ ಸಾವಿನ ದುಃಖದಲ್ಲಿ ಬರೆದ 1935ರ ‘ರೆಮಿನಿಸಿಂಗ್ ಇನ್ ಟೆಂಪೊ’ ನಾಲ್ಕು ಮಗ್ಗುಲು ತುಂಬಿತು. 1943ರ ಜನವರಿ 23ರಂದು ಕಾರ್ನೆಗಿ ಸಭಾಂಗಣದಲ್ಲಿ ಅವನ ಬ್ಯಾಂಡ್ ‘ಬ್ಲ್ಯಾಕ್, ಬ್ರೌನ್ ಆ್ಯಂಡ್ ಬೇಜ್’ ನುಡಿಸಿತು. ಗುಲಾಮಗಿರಿಯಿಂದ ಹಾರ್ಲೆಮ್‌ವರೆಗಿನ ಕಪ್ಪು ಜನರ ಬದುಕನ್ನು ನಾದದಲ್ಲಿ ಹೇಳುವ, ಸುಮಾರು ಮುಕ್ಕಾಲು ಗಂಟೆಯ ಕೃತಿ ಅದು. ವಿಮರ್ಶಕರು ಕಟುವಾದರು. ಶಾಸ್ತ್ರೀಯ ಸಂಗೀತದ ವಿಮರ್ಶಕರಿಗೆ ಅದರಲ್ಲಿ ರೂಪ ಕಾಣಲಿಲ್ಲ. ಜಾಸ್ ಪ್ರಿಯರಲ್ಲಿ ಕೆಲವರಿಗೆ ಅದು ಜಾಸ್ ಆಗಿ ಕಾಣಲಿಲ್ಲ. ಕೆಲವೇ ಪ್ರಯೋಗಗಳ ನಂತರ ಎಲಿಂಗ್ಟನ್ ಅದನ್ನು ಇಡಿಯಾಗಿ ನುಡಿಸುವುದನ್ನು ಬಿಟ್ಟ.

1944ರ ಡಿಸೆಂಬರ್‌ನಲ್ಲಿ ವಿಕ್ಟರ್ ಮುದ್ರಿಸಿದ್ದು ಅದರ ಆಯ್ದ ಭಾಗಗಳನ್ನು. ಒಟ್ಟು ಹದಿನೆಂಟು ನಿಮಿಷದಷ್ಟು. ಮುಂದಿನ ಮೂರು ದಶಕ ಜನ ತೂಗಿ ನೋಡಿದ್ದು ಈ ತುಣುಕುಗಳನ್ನೇ. ಕಾರ್ನೆಗಿ ಕಛೇರಿಯ ಮುದ್ರಣ ಎಲ್‌ಪಿಯಾಗಿ ಮಾರುಕಟ್ಟೆಗೆ ಬಂದಾಗ 1977. ಎಲಿಂಗ್ಟನ್ ತೀರಿಕೊಂಡು ಮೂರು ವರ್ಷವಾಗಿತ್ತು. ನಡುವೆ, 1965ರಲ್ಲಿ, ಪುಲಿಟ್ಜರ್ ಪ್ರಶಸ್ತಿಯ ಸಂಗೀತ ತೀರ್ಪುಗಾರರು ಅವನಿಗೆ ವಿಶೇಷ ಪುರಸ್ಕಾರ ಸಲ್ಲಬೇಕೆಂದು ಶಿಫಾರಸು ಮಾಡಿದರು, ಮಂಡಳಿ ತಳ್ಳಿಹಾಕಿತು. ಗರ್ಷ್ವಿನ್‌ಗೆ 1998ರಲ್ಲಿ, ಎಲಿಂಗ್ಟನ್‌ಗೆ 1999ರಲ್ಲಿ ಮರಣೋತ್ತರ ಪುರಸ್ಕಾರ ಬಂತು. ಇಬ್ಬರದೂ ಜನ್ಮಶತಮಾನೋತ್ಸವದ ವರ್ಷಗಳವು.

ಸ್ಟಿಲ್ 1930ರಲ್ಲಿ ಬರೆದ ‘ಆಫ್ರೊ-ಅಮೆರಿಕನ್ ಸಿಂಫನಿ’ ಬ್ಲೂಸ್‌ನ ಮಟ್ಟಿನ ಮೇಲೆ ಕಟ್ಟಿದ, ಬ್ಯಾಂಜೊವನ್ನೂ ಸಿಂಫನಿಯೊಳಗೆ ಕರೆತಂದ ಕೃತಿ. 1931ರಲ್ಲೇ ರಾಚೆಸ್ಟರ್‌ನಲ್ಲಿ ಪ್ರಯೋಗವಾದರೂ ಡೆಟ್ರಾಯಿಟ್ ಸಿಂಫನಿಯಂಥ ದೊಡ್ಡ ವಾದ್ಯವೃಂದ ಅದನ್ನು ಮುದ್ರಿಸಿದ್ದು 1990ರ ದಶಕದಲ್ಲಿ. ಫ್ಲಾರೆನ್ಸ್ ಪ್ರೈಸ್‌ಳ ಕಥೆ ಇನ್ನೂ ವಿಷಾದದ್ದು. ರ್‍ಯಾಗ್‌ಟೈಮ್‌ನ ಪೂರ್ವಜನಾದ ‘ಜೂಬಾ’ ಕುಣಿತವನ್ನು ಸಿಂಫನಿಗೆ ತಂದ ಆಕೆಯ ಮೊದಲ ಸಿಂಫನಿ 1933ರಲ್ಲಿ ಷಿಕಾಗೊದಲ್ಲಿ ನುಡಿಯಿತು. 1953ರಲ್ಲಿ ಆಕೆ ತೀರಿಕೊಂಡ ಮೇಲೆ ಮರೆವು ಕವಿಯಿತು. 2009ರಲ್ಲಿ ಇಲಿನಾಯ್ ರಾಜ್ಯದ ಪಾಳುಬಿದ್ದ ಮನೆಯೊಂದರಲ್ಲಿ ಆಕೆಯ ಹಸ್ತಪ್ರತಿಗಳ ರಾಶಿ ಸಿಕ್ಕಿತು. ಅಲ್ಲಿಂದ ಹೊಸ ಆಸಕ್ತಿ ಚಿಗುರಿ, ಫಿಲಡೆಲ್ಫಿಯಾ ವಾದ್ಯವೃಂದ 2021ರಲ್ಲಿ ಪ್ರಕಟಿಸಿದ ಆಕೆಯ ಒಂದು ಮತ್ತು ಮೂರನೆಯ ಸಿಂಫನಿಗಳ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಸಂದಿತು.

ಒಂದು ಎಲ್‌ಪಿಯ ಬಲ

ಧ್ವನಿಮುದ್ರಿಕೆ ಮರೆಸಬಲ್ಲದಾದರೆ ಮರಳಿಸಲೂ ಬಲ್ಲದು. ರ್‍ಯಾಗ್‌ಟೈಮ್‌ನ ಮಹಾ ಸಂಯೋಜಕ ಸ್ಕಾಟ್ ಜಾಪ್ಲಿನ್ 1899ರ ‘ಮೇಪಲ್ ಲೀಫ್ ರ್‍ಯಾಗ್’ನಿಂದ ಹೆಸರಾದವನು. 1916ರಲ್ಲಿ ಮಾಡಿದ ಕೆಲವು ಪಿಯಾನೊ ರೋಲ್‌ಗಳ ಹೊರತು ಅವನ ವಾದನದ ಧ್ವನಿಮುದ್ರಣ ಒಂದೂ ಇಲ್ಲ. 1917ರಲ್ಲಿ ಸತ್ತ ಅವನ ಸಮಾಧಿಗೆ 1974ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ. ಬಾಖ್ ಸಂಗೀತದ ವಿದ್ವಾಂಸ ಜೋಶುವಾ ರಿಫ್ಕಿನ್ 1970ರಲ್ಲಿ, ಶಾಸ್ತ್ರೀಯ ಸಂಗೀತಕ್ಕೆ ಹೆಸರಾದ ನನ್‌ಸಚ್ ಕಂಪನಿಗಾಗಿ, ಜಾಪ್ಲಿನ್‌ನ ರ್‍ಯಾಗ್‌ಗಳನ್ನು ಅವಸರವಿಲ್ಲದೆ, ಷೋಪೆನ್‌ನ ರಚನೆಗಳಿಗೆ ತೋರುವ ಮರ್ಯಾದೆಯಿಂದ ನುಡಿಸಿದ. ಮದ್ಯದಂಗಡಿಯ ಸಂಗೀತವೆಂದು ತಿಳಿದಿದ್ದವರು ಬೆರಗಾದರು. 1972ರಲ್ಲಿ ಅವನ ಒಪೆರಾ ‘ಟ್ರೀಮನಿಷಾ’ ಅಟ್ಲಾಂಟದಲ್ಲಿ ರಂಗವೇರಿತು. 1973ರಲ್ಲಿ ‘ದಿ ಸ್ಟಿಂಗ್’ ಚಿತ್ರ ಅವನ ಸಂಗೀತವನ್ನು ಮನೆಮನೆಗೆ ಮುಟ್ಟಿಸಿತು. 1976ರಲ್ಲಿ ಪುಲಿಟ್ಜರ್ ಬಂತು. ಸ್ವರಲಿಪಿಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ತಟ್ಟೆ ಇಡುವ ಕಪಾಟು.

ಕಪಾಟನ್ನು ನಿರ್ಧರಿಸುವವರು ಯಾರು? ಹಣ ಹಾಕುವವರು, ಅಭಿರುಚಿಯ ಅಧಿಕಾರವುಳ್ಳವರು. ಇದಕ್ಕೆ ಜಾಸ್‌ನಿಂದಾಚೆಯ ಒಂದು ಉದಾಹರಣೆ ನಮ್ಮ ಮೈಸೂರಿನದೇ. ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಣತರಾಗಿದ್ದ ಮಹಾರಾಜ ಜಯಚಾಮರಾಜ ಒಡೆಯರು, ಲಂಡನ್ನಿನಲ್ಲಿ ಅಲಕ್ಷಿತರಾಗಿ ಬದುಕುತ್ತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಡ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಎಚ್‌ಎಂವಿ ತಟ್ಟೆಗಳಲ್ಲಿ ಮುದ್ರಿಸಲು 1940ರ ದಶಕದ ಕೊನೆಯಲ್ಲಿ ನೆರವಾದರು. ಮೆಡ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಕೆಲವೇ ವರ್ಷ ತಡವಾಗಿದ್ದರೆ ಆ ವಾದನ ಯಾರಿಗೂ ದಕ್ಕುತ್ತಿರಲಿಲ್ಲ. ಒಬ್ಬ ಪೋಷಕನ ತೀರ್ಮಾನ ಒಂದು ಧ್ವನಿಯನ್ನು ಉಳಿಸುತ್ತದೆ. ಅದೇ ದಶಕದಲ್ಲಿ ನ್ಯೂಯಾರ್ಕಿನಲ್ಲಿದ್ದ ಜಾನ್ಸನ್‌ನ ಸಿಂಫನಿಗೆ ಅಂಥ ಪೋಷಕರು ಸಿಗಲಿಲ್ಲ.

ಇದರಲ್ಲಿ ಗರ್ಷ್ವಿನ್‌ನನ್ನು ಕಟಕಟೆಗೆ ತರುವುದು ಸಲ್ಲದು. ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗನಾದ ಆತ ಹಾರ್ಲೆಮ್‌ನ ವಾದಕರನ್ನು ಹುಡುಕಿಕೊಂಡು ಹೋಗಿ ಕೇಳಿದವನು. ಅವನ ಪ್ರತಿಭೆ ಸಾಲದ್ದಲ್ಲ. 2024ರಲ್ಲಿ ‘ರಾಪ್ಸೊಡಿ’ಯ ಶತಮಾನೋತ್ಸವದ ಹೊತ್ತಿಗೆ, ಜಾಸ್ ಪಿಯಾನೊ ವಾದಕ ಈಥನ್ ಐವರ್ಸನ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ ಟೀಕೆ ದೊಡ್ಡ ಚರ್ಚೆಗೆ ಕಾರಣವಾಯಿತು. ಈ ಒಂದು ಕೃತಿಯ ಅತಿಪ್ರಸಿದ್ಧಿ ಅಮೆರಿಕದ ಸಂಗೀತ ತುಳಿಯಬಹುದಾಗಿದ್ದ ಬೇರೆ ದಾರಿಗಳಿಗೆ ಅಡ್ಡವಾಯಿತೆಂಬುದು ಅದರ ಸಾರ. ಮಾತು ಖಾರವಾದರೂ ತಳ್ಳಿಹಾಕುವಂಥದ್ದಲ್ಲ. ಆದರೆ ಅಡ್ಡವಾದದ್ದು ಕೃತಿಯಲ್ಲ. ಒಂದೇ ಕೃತಿಯನ್ನು ನೂರಾರು ಸಲ ಮುದ್ರಿಸಿ ಪಕ್ಕದ್ದನ್ನು ಒಮ್ಮೆಯೂ ಮುದ್ರಿಸದ ಅಭ್ಯಾಸ.

ಈಗ ತಟ್ಟೆಗೆ ಮಗ್ಗುಲಿಲ್ಲ, ನಿಮಿಷದ ಮಿತಿಯಿಲ್ಲ, ಕಪಾಟೂ ಇಲ್ಲ. ಎಲ್ಲವೂ ಮೊಬೈಲ್ ಫೋನಿನೊಳಗೆ ಇದೆ. ಆದರೂ ಹುಡುಕಿದವರ ಮುಂದೆ ಮೊದಲು ಬಂದು ನಿಲ್ಲುವುದು ಹೆಚ್ಚು ಜನ ಕೇಳಿದ್ದೇ. ಹಳೆಯ ಪಕ್ಷಪಾತ ಹೊಸ ಲೆಕ್ಕಾಚಾರದ ವೇಷ ತೊಟ್ಟಿದೆಯಷ್ಟೇ. ಅದನ್ನು ಮೀರುವುದು ಕೇಳುಗನ ಕೈಯಲ್ಲಿದೆ. ಪಿಯಾನೊ ವಾದಕ ಮಾರ್ಕಸ್ ರಾಬರ್ಟ್ಸ್ 1996ರಲ್ಲಿ ಹೊರತಂದ ‘ಪೋರ್ಟ್ರೇಟ್ಸ್ ಇನ್ ಬ್ಲೂ’ ಸಿ.ಡಿ. ಅದಕ್ಕೊಂದು ಒಳ್ಳೆಯ ದಾರಿ. ಅದರಲ್ಲಿ ‘ರಾಪ್ಸೊಡಿ’ಯ ಪಿಯಾನೊ ಭಾಗವನ್ನು ಅವರು ಅಚ್ಚಿನಂತೆ ನುಡಿಸದೆ, ಗರ್ಷ್ವಿನ್ ಖಾಲಿ ಬಿಟ್ಟಿದ್ದ ಪುಟಗಳ ನೆನಪಾಗುವಂತೆ ತಮ್ಮ ಮನೋಧರ್ಮದಿಂದ ವಿಸ್ತರಿಸುತ್ತಾರೆ. ಅದೇ ಮುದ್ರಿಕೆಯಲ್ಲಿ, ಅದರ ಜೊತೆಗೇ, ‘ಯಾಮಕ್ರಾ’ ಕೂಡ ಇದೆ. 1928ರಲ್ಲಿ ಸಿಗಬೇಕಾಗಿದ್ದ ಆ ಪಕ್ಕದ ಜಾಗ ಜಾನ್ಸನ್‌ಗೆ ಸಿಗಲು 68 ವರ್ಷ ಬೇಕಾಯಿತು. ಎರಡನ್ನೂ ಒಂದರ ಹಿಂದೊಂದು, ಒಂದಲ್ಲ ಎರಡು ಸಲ ಕೇಳಿ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಆಮೇಲೆ ಹೇಳಬಹುದು. ಕೇಳುವ ಮೊದಲೇ ತೀರ್ಪು ಕೊಡುವ ಕೆಲಸ ಸಾಕಷ್ಟು ಕಾಲ ನಡೆದುಹೋಗಿದೆ.